ಮೆಣಸುಕಾಳಿನಷ್ಟು ಥರ್ಮಿಸ್ಟರ್: ಶಾಖ ಅಳೆಯುವುದು ಹೇಗೆ?

ಚಾರ್ಜಿಗೆ ಹಾಕಿದ ಮೊಬೈಲ್ ಜಾಸ್ತಿ ಬಿಸಿಯಾದರೆ ಚಾರ್ಜಿಂಗ್ ತಾನಾಗಿಯೇ ನಿಧಾನವಾಗುತ್ತದೆ, ಅಲ್ವಾ? ಬ್ಯಾಟರಿ ಬಿಸಿಯಾದ ಸುದ್ದಿ ಮುಟ್ಟಿಸುವುದು ಥರ್ಮಿಸ್ಟರ್ ಎಂಬ ಪುಟ್ಟ ಬಿಡಿಭಾಗ. ಫ್ರಿಜ್, ಎ.ಸಿ., ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್‌ನಲ್ಲೂ ಇದಿರುತ್ತದೆ. ಮೆಣಸುಕಾಳಿನಷ್ಟು ತಲೆ, ಎರಡು ಕಾಲು, ಅಷ್ಟೇ.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ '10ಕೆ ಎನ್‌ಟಿಸಿ, ಬೀಟಾ 3950' ಎಂದು ಕೇಳಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, 10,000 ಓಮ್; ಅದೇ '10ಕೆ'. ಶಾಖ ಏರಿದಷ್ಟೂ ರೋಧ ಇಳಿಯುತ್ತದೆ, ಅದಕ್ಕೇ 'ಎನ್‌ಟಿಸಿ' ಎಂಬ ಹೆಸರು. ಎಷ್ಟು ಜೋರಾಗಿ ಇಳಿಯುತ್ತದೆ ಎಂಬುದನ್ನು ಹೇಳುವ ಅಂಕಿ 'ಬೀಟಾ'. ತಾಮ್ರದ ತಂತಿಯಲ್ಲಿ ಆಗುವುದು ಇದರ ಉಲ್ಟಾ. 1833ರಲ್ಲೇ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡ್‌ನಲ್ಲಿ ಈ ಗುಣ ಕಂಡಿದ್ದರು.

ಥರ್ಮಿಸ್ಟರನ್ನು ಓದುವ ಕೋಡ್ ಬರೆಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಓಮ್‌ಗೆ ತಿರುಗಿಸಿ, ಎರಡು ಕಾಲಿಗೆ ಎರಡು ಕಡ್ಡಿ ಮುಟ್ಟಿಸಿ. ಈಗ ತಲೆಯನ್ನಷ್ಟೇ ಬೆರಳುಗಳ ನಡುವೆ ಒತ್ತಿ. ಅಂಕಿ ಕಣ್ಣೆದುರೇ ಇಳಿಯುತ್ತದೆ. ಇದನ್ನೊಮ್ಮೆ ನೋಡಿದರೆ ಮುಂದಿನದೆಲ್ಲ ಸಲೀಸು.

ಆದರೆ ಇಳಿತ ಒಂದೇ ಸಮ ಇರುವುದಿಲ್ಲ. ಸೊನ್ನೆ ಡಿಗ್ರಿಯಲ್ಲಿ ಸುಮಾರು 33,600 ಓಮ್, 50ರಲ್ಲಿ 3,600, 100ರಲ್ಲಿ ಬರೀ 700. ಮೊದಲ 25 ಡಿಗ್ರಿಗೆ ಇಪ್ಪತ್ಮೂರು ಸಾವಿರ ಚಿಲ್ಲರೆ ಇಳಿದದ್ದು, ಮುಂದಿನ 25ಕ್ಕೆ ಆರು ಸಾವಿರ ಚಿಲ್ಲರೆಯಷ್ಟೇ. ಹಾಗಾಗಿ ಸುಮ್ನೆ ಕೂಡಿ ಕಳೆದರೆ ಲೆಕ್ಕ ತಪ್ಪುತ್ತದೆ.

ನಮ್ಮ ಕೋಡ್ ಓಡುವುದು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ. ಅದಕ್ಕೆ ರೋಧ ಅಳೆಯಲು ಬರುವುದಿಲ್ಲ, ವೋಲ್ಟೇಜ್ ಅಳೆಯಲು ಬರುತ್ತದೆ. ಆದ್ದರಿಂದ ಥರ್ಮಿಸ್ಟರ್‌ನ ಒಂದು ಕಾಲನ್ನು 5 ವೋಲ್ಟ್‌ಗೆ, ಇನ್ನೊಂದನ್ನು ವೋಲ್ಟೇಜ್ ಓದುವ ಎ0 ಪಿನ್ನಿಗೆ ಕೊಡಿ. ಎ0ಯಿಂದ ಗ್ರೌಂಡ್‌ಗೆ ಮಾಮೂಲಿ 10ಕೆ ರೆಸಿಸ್ಟರ್ ಹಾಕಿ. 25 ಡಿಗ್ರಿಯಲ್ಲಿ ಎರಡರ ರೋಧವೂ ಸಮ. ಎ0ಗೆ 2.5 ವೋಲ್ಟ್ ಸಿಗುತ್ತದೆ. ಬೋರ್ಡ್ 0ಯಿಂದ 5 ವೋಲ್ಟನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುವುದರಿಂದ 512ರ ಆಸುಪಾಸು ಅಂಕಿ ಬರುತ್ತದೆ.

ಲೆಕ್ಕ ಹೀಗೆ. 1023ನ್ನು ಬಂದ ಅಂಕಿಯಿಂದ ಭಾಗಿಸಿ, 1 ಕಳೆದು, 10,000ದಿಂದ ಗುಣಿಸಿ. ಇದು ಥರ್ಮಿಸ್ಟರ್‌ನ ರೋಧ. ಅದನ್ನು 10,000ದಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, 3950ರಿಂದ ಭಾಗಿಸಿ. ಇದಕ್ಕೆ 1/298.15 ಕೂಡಿಸಿ (25 ಡಿಗ್ರಿ ಎಂದರೆ 298.15 ಕೆಲ್ವಿನ್). ಬಂದದ್ದರಿಂದ 1ನ್ನು ಭಾಗಿಸಿದರೆ ಕೆಲ್ವಿನ್. 273.15 ಕಳೆದರೆ ಸೆಲ್ಸಿಯಸ್. ನಿಮ್ಮ ಕೋಡಿಗೆ 640 ಕೊಟ್ಟು ನೋಡಿ, 37 ಡಿಗ್ರಿ ಬರಬೇಕು. ಥರ್ಮಿಸ್ಟರನ್ನೂ ರೆಸಿಸ್ಟರನ್ನೂ ಅದಲುಬದಲು ಜೋಡಿಸಿದ್ದರೆ ಬೆರಳಲ್ಲಿ ಒತ್ತಿದಾಗ ಡಿಗ್ರಿ ಏರುವ ಬದಲು ಇಳಿಯುತ್ತದೆ. ನಾನು ಮೊದಲ ಸಲ ಇಲ್ಲೇ ಒಂದು ಸಂಜೆ ಕಳೆದಿದ್ದೆ.

ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಕಾಲುಗಳಿಗೆ ನೀರು ತಾಗದಂತೆ ಸ್ಲೀವ್ (ತೆಳು ಪ್ಲಾಸ್ಟಿಕ್ ಕೊಳವೆ) ಹಾಕಿ. ಲೋಟದ ತುಂಬ ಪುಡಿ ಐಸ್, ಸ್ವಲ್ಪ ನೀರು ಹಾಕಿ ಕಲಕಿ, ಥರ್ಮಿಸ್ಟರ್ ಇಳಿಸಿ ಐದು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಆದರೆ ಆ ವ್ಯತ್ಯಾಸವನ್ನು ಕೋಡಿನಲ್ಲೇ ಸರಿಪಡಿಸಿ. ಕುದಿಯುವ ನೀರಿನಲ್ಲೂ ನೋಡಬಹುದು. ಮಂಗಳೂರಿನಲ್ಲಾದರೆ 100 ಬರಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಇಲ್ಲಿ 97 ಕಂಡರೆ ನಿಮ್ಮ ಥರ್ಮಿಸ್ಟರ್ ಸರಿಯಾಗಿಯೇ ಇದೆ.