ಶೀಟಲ್ಲಿ ಯಾರು ಏನು ತಿದ್ದಿದರು? ಮೇಲ್ ಬರುವ ಹಾಗೆ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ್ರೀ. ಗಂಗಾವತಿ ಕಡೆ ಭತ್ತದ ವ್ಯವಹಾರ ಇರುವವರು ಇದನ್ನ ಓದಿ. ಲಾರಿ ಲೆಕ್ಕ ಬರೆಯೋಕೆ ನಾವು ನಾಲ್ಕು ಜನ ಒಂದೇ ಗೂಗಲ್ ಶೀಟ್ ಬಳಸುತ್ತೇವೆ. ಹೋದ ಸುಗ್ಗಿಯಲ್ಲಿ 240 ಚೀಲ ಇದ್ದದ್ದು 204 ಆಗಿತ್ತು. ಯಾರದೋ ಬೆರಳು ತಪ್ಪಿದ್ದು, ಅಷ್ಟೇ. ಆದರೆ ಗೊತ್ತಾಗಿದ್ದು ದುಡ್ಡು ಕೊಡುವಾಗ!

ಈಗ ಹೀಗೆ ಮಾಡಿದ್ದೇನೆ. ಕಂಪ್ಯೂಟರಲ್ಲಿ ಶೀಟ್ ತೆರೆದು ಮೇಲಿನ 'ಟೂಲ್ಸ್' ಒತ್ತಿ. ಅದರಲ್ಲಿ 'ನೋಟಿಫಿಕೇಶನ್ ಸೆಟ್ಟಿಂಗ್ಸ್', ಆಮೇಲೆ 'ಎಡಿಟ್ ನೋಟಿಫಿಕೇಶನ್ಸ್'. ಯಾವುದೇ ಬದಲಾವಣೆ ಆದರೂ ತಿಳಿಸು ಅನ್ನುವುದಕ್ಕೆ ಗುರುತು ಹಾಕಿ. ಮೇಲ್ ಕೂಡಲೇ ಬೇಕಾ, ದಿನಕ್ಕೊಮ್ಮೆ ಸಾಕಾ ಅಂತ ಕೇಳುತ್ತೆ. ಸುಗ್ಗಿ ಟೈಮಲ್ಲಿ 'ಕೂಡಲೇ' ಇಟ್ಟರೆ ಇನ್‌ಬಾಕ್ಸ್ ತುಂಬಿ ತಲೆ ಕೆಡುತ್ತೆ. ನಾನಂತೂ ದಿನಕ್ಕೊಮ್ಮೆ ಇಟ್ಟು, ರಾತ್ರಿ ಊಟ ಆದ ಮೇಲೆ ನೋಡುತ್ತೇನೆ. ಕೊನೆಗೆ 'ಸೇವ್' ಒತ್ತೋದು ಮರೀಬೇಡಿ.

ನೀವೇ ತಿದ್ದಿದ್ದಕ್ಕೆ ನಿಮಗೆ ಮೇಲ್ ಬರಲ್ಲ. ಸುಮ್ನೆ ಒಂದು ಅಂಕಿ ಬದಲಿಸಿ ಕಾಯುತ್ತಾ ಕೂತು, ಕೆಲಸ ಮಾಡ್ತಿಲ್ಲ ಅಂದ್ಕೊಂಡವನು ನಾನೇ! ಪರೀಕ್ಷೆಗೆ ಬೇರೆಯವರ ಕೈಲಿ ತಿದ್ದಿಸಿ. ಪ್ರತಿಯೊಬ್ಬರೂ ತಮ್ಮ ತಮ್ಮ ಲಾಗಿನ್‌ನಲ್ಲೇ ಇದನ್ನ ಹಾಕಿಕೊಳ್ಳಬೇಕು.

ಒಂದೇ ಅಂಕಿ ಬಗ್ಗೆ ಅನುಮಾನ ಬಂದರೆ ಅದು ಇರುವ ಚೌಕದ (ಸೆಲ್) ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಎಡಿಟ್ ಹಿಸ್ಟರಿ' ನೋಡಿ. ಮೊದಲು ಎಷ್ಟಿತ್ತು, ಯಾರು ಬದಲಿಸಿದರು, ಯಾವಾಗ, ಎಲ್ಲಾ ಬರುತ್ತೆ. ಶೀಟ್ ತಿದ್ದುವ ಅನುಮತಿ ನಿಮಗಿರಬೇಕು ಅಷ್ಟೇ.

ಗೂಗಲ್ ಡಾಕ್ಸ್‌ನಲ್ಲೂ 'ಟೂಲ್ಸ್' ಒಳಗೇ ಇಂಥದ್ದೊಂದು ಸೆಟ್ಟಿಂಗ್ ಇದೆ.