ಮೊದಲು ಮಗುವಿನ ಹೆಸರು ಪಟ್ಟಿಗೆ ಸೇರಲಿ

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಬಲಗೈ, ಬಲಗಾಲು ಬಿಗಿ. ಮಾತು ತಡೆದು ತಡೆದು ಬರುತ್ತದೆ. ತಿಪಟೂರು ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಈಗ ಏಳನೇ ಕ್ಲಾಸು. ಒಂದನೇ ಕ್ಲಾಸಿಗೆ ಸೇರಿಸಿದಾಗ ನಾನು ಏನನ್ನೂ ಕೇಳಲಿಲ್ಲ. ಅವಳು ಗೋಡೆ ಹಿಡಿದು ನಡೆಯುವುದು ಎಲ್ಲರಿಗೂ ಕಾಣುತ್ತದಲ್ಲ, ಬೇಕಾದ್ದನ್ನು ಅವರೇ ಮಾಡುತ್ತಾರೆ ಅಂದುಕೊಂಡೆ. ಎರಡು ವರ್ಷ ಏನೂ ಆಗಲಿಲ್ಲ. ಪಕ್ಕದೂರಿನ ಹುಡುಗನಿಗೆ ವೀಲ್‌ಚೇರ್ ಬಂತು ಅಂತ ಕೇಳಿ ವಿಚಾರಿಸಿದರೆ, ಶಾಲೆಯ ದಾಖಲೆಯಲ್ಲಿ ನನ್ನ ಮಗಳಿಗೆ ಅಂಗವೈಕಲ್ಯವೇ ಇಲ್ಲ ಅಂತಿತ್ತು.

ಹಾಗಾಗಿ ನಿಮ್ಮ ಮಗುವಿಗೂ ಇಂಥ ತೊಂದರೆ ಇದ್ದರೆ ಮೊದಲ ಕೆಲಸ ಇದು. ಮುಖ್ಯ ಶಿಕ್ಷಕರ ಹತ್ತಿರ ಹೋಗಿ, ಎಸ್‌ಎಟಿಎಸ್‌ನಲ್ಲಿ, ಅಂದರೆ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ವಿವರ ತೆರೆದು ತೋರಿಸಿ ಅನ್ನಿ. ವಿಶೇಷ ಅಗತ್ಯವುಳ್ಳ ಮಗು ಅಂತ ದಾಖಲಾಗಿದೆಯಾ, ಯಾವ ತೊಂದರೆ ಅಂತ ಬರೆದಿದ್ದಾರೆ, ಕಣ್ಣಾರೆ ನೋಡಿ. "ಹಾಕ್ತೀವಿ ಬಿಡಿ" ಅಂದರೆ ಎದ್ದು ಬರಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ಸಾಧನಗಳ ಅಳತೆ ತೆಗೆಯುವ ಶಿಬಿರದ ಕರೆಯೇ ಬರುವುದಿಲ್ಲ.

ಆಮೇಲೆ ತಾಲ್ಲೂಕಿನ ಬಿಆರ್‌ಸಿಗೆ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ. ಅಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ, ಅಂಗವಿಕಲ ಮಕ್ಕಳನ್ನು ಎಲ್ಲರ ಜೊತೆ ಓದಿಸುವ ಸಮನ್ವಯ ಶಿಕ್ಷಣ ವಿಭಾಗದ ಶಿಕ್ಷಕರು ಇವರು. ಒಬ್ಬೊಬ್ಬರ ಕೈಯಲ್ಲಿ ಎಷ್ಟೋ ಶಾಲೆಗಳು. ಅವರೇ ಹುಡುಕಿಕೊಂಡು ಬರಲಿ ಅಂತ ಕಾಯಬೇಡಿ. ಹೋದಾಗ "ಏನಾದ್ರೂ ಸಹಾಯ ಮಾಡಿ ಮೇಡಂ" ಅನ್ನಬೇಡಿ. ಮಗು ಏನು ಮಾಡುತ್ತದೆ, ಎಲ್ಲಿ ಕಷ್ಟಪಡುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಾನು ಒಂದು ವಾರ ಅವಳ ಪಕ್ಕ ಕೂತು ನೋಡಿದೆ. ಕಾಲು ನೆಲಕ್ಕೆ ಎಟುಕದಿದ್ದರೆ ಮೈ ಬಲಕ್ಕೆ ವಾಲುತ್ತದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಮುಷ್ಟಿ ಕಟ್ಟುತ್ತದೆ. ಲೆಕ್ಕ ಬಾಯಲ್ಲಿ ಸರಿಯಾಗಿ ಹೇಳುತ್ತಾಳೆ, ಬೋರ್ಡ್ ನೋಡಿ ಬರೆದುಕೊಳ್ಳುವಾಗ ಹಿಂದೆ ಬೀಳುತ್ತಾಳೆ. ಇಷ್ಟನ್ನೇ ಬರೆದೆ.

ಹಾಳೆ ಓದಿದ ಮೇಡಂ ಮುಂದಿನ ವಾರ ಶಾಲೆಗೆ ಬಂದರು. ಬೆಂಚಿನ ಕೆಳಗೆ ಎರಡು ಇಟ್ಟಿಗೆ ಇಡಿಸಿ ಹಲಗೆ ಹಾಕಿಸಿದರು, ಕಾಲು ಊರಲಿಕ್ಕೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪೆನ್ಸಿಲ್‌ಗೆ ದಪ್ಪಗೆ ಸುತ್ತಿದರು. ಆವತ್ತು ಮಗಳು ಐದನೇ ಸಾಲು ಬರೆದು ತಲೆ ಎತ್ತಿ ನನ್ನ ಕಡೆ ನೋಡಿದಳು. ಆಮೇಲೆ ಕ್ಲಾಸ್ ಟೀಚರ್ ಜೊತೆ ಕೂತು ಅವಳದೇ ಒಂದು ಕಲಿಕಾ ಯೋಜನೆ ಬರೆದರು. ಬೋರ್ಡಿನಲ್ಲಿದ್ದದ್ದನ್ನು ಪಕ್ಕದ ಗೆಳತಿ ಬರೆದು ಕೊಡುವುದು, ಲೆಕ್ಕದ ಕಿರುಪರೀಕ್ಷೆ ಬಾಯಲ್ಲಿ. ಇದನ್ನು ಐಇಪಿ ಅನ್ನುತ್ತಾರೆ. ಅದರ ಒಂದು ಜೆರಾಕ್ಸ್ ಕೇಳಿ ಇಟ್ಟುಕೊಳ್ಳಿ. ಕ್ಲಾಸ್ ಟೀಚರ್‌ಗೆ ವರ್ಗಾವಣೆ ಆದಾಗ ಹೊಸಬರಿಗೆ ನಾನು ಕೊಟ್ಟಿದ್ದು ಅದನ್ನೇ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇನ್ನೂ ಇಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆಧಾರ್, ಫೋಟೊ ಬೇಕು. ಕೈಲಾಗದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ತಿರ ಹೋಗಿ, ಅವರಿರುವುದೇ ಇದಕ್ಕೆ. ಕಿವಿ, ಮಾತಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಷ್ಟೋ ಸವಲತ್ತುಗಳಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು. ಆದರೆ "ಸರ್ಟಿಫಿಕೇಟ್ ತನ್ನಿ, ಆಮೇಲೆ ಸೇರಿಸಿಕೊಳ್ತೀವಿ" ಅನ್ನುವುದನ್ನು ಮಾತ್ರ ಒಪ್ಪಬೇಡಿ. ಭೇದ ಮಾಡದೆ ಸೇರಿಸಿಕೊಳ್ಳಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುತ್ತದೆ.

ಸಾಧನಗಳಿಗೆ ತಾಲ್ಲೂಕು ಮಟ್ಟದಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆಯುತ್ತದೆ. ಅಳತೆ ಕೊಟ್ಟ ದಿನವೇ ಸಿಗುವುದಿಲ್ಲ. ನನ್ನ ಮಗಳ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಬರುವ ಹೊತ್ತಿಗೆ ಪಾದ ಬೆಳೆದಿತ್ತು, ಎರಡೇ ದಿನದಲ್ಲಿ ಹಿಮ್ಮಡಿ ಕೆಂಪಾಯಿತು. ನೋವು ತಡೆದುಕೊಂಡು ಹಾಕಿಸಬೇಡಿ. ಬಿಆರ್‌ಸಿಗೆ ವಾಪಸ್ ಒಯ್ದು, ಮತ್ತೆ ಅಳತೆ ತೆಗೆಯಿರಿ ಅನ್ನಿ. ಇಂಥ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಿಂದ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನ ಇದೆ. ಪ್ರಯಾಣ ಭತ್ಯೆ, ಕರೆದುಕೊಂಡು ಹೋಗುವವರ ಬೆಂಗಾವಲು ಭತ್ಯೆ ಬಗ್ಗೆಯೂ ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಿ. ಶಾಲೆಗೆ ಬರಲಾಗದಷ್ಟು ಕಷ್ಟವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣ ಇದೆ. ಆದರೆ ರ‍್ಯಾಂಪ್ ಇಲ್ಲ, ಶೌಚಾಲಯ ಸರಿಯಿಲ್ಲ ಅನ್ನುವ ಕಾರಣಕ್ಕೆ ಮಗುವನ್ನು ಮನೆಗೆ ಕಳಿಸಲು ನೋಡಿದರೆ, ರ‍್ಯಾಂಪ್ ಕೇಳಿ.

ಏನೇ ಕೇಳಿದರೂ ಅರ್ಜಿ ಎರಡು ಪ್ರತಿ ಬರೆಯಿರಿ. ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಶಾಲೆಯಲ್ಲಿ ಆಗದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ, ಅಲ್ಲೂ ಆಗದಿದ್ದರೆ ಜಿಲ್ಲೆಯ ಡಿಡಿಪಿಐ. ಅದರಾಚೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ನನಗೆ ಬಿಇಒ ಕಚೇರಿ ದಾಟುವ ಅಗತ್ಯ ಬೀಳಲಿಲ್ಲ, ಸೀಲಿದ್ದ ಕಾಗದ ತೋರಿಸಿದರೆ ಮಾತಿನ ಧಾಟಿಯೇ ಬೇರೆ ಆಗುತ್ತಿತ್ತು.

ಎಸ್‌ಎಸ್‌ಎಲ್‌ಸಿ ವಿಚಾರವನ್ನು ಎಂಟನೇ ಕ್ಲಾಸಿನಲ್ಲೇ ಶುರು ಮಾಡಿ. ಬರೆಯಲು ಸಹಾಯಕರು, ಹೆಚ್ಚು ಸಮಯ, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ, ಇವೆಲ್ಲ ಅದೇ 2016ರ ಕಾಯ್ದೆಯ 17ನೇ ಕಲಂನಲ್ಲಿವೆ. ಅರ್ಜಿ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಕಳಿಸುವ ಮುಂಚೆ ಮಗುವನ್ನೂ ಒಂದು ಮಾತು ಕೇಳಿ. ಹಿಂದಿ ಬಿಡಿಸೋಣ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅವಳು ಬೇಡ ಅಂದಳು. ಹಿಂದಿ ಬೇಕಂತೆ, ಟೈಮ್ ಜಾಸ್ತಿ ಕೊಟ್ಟರೆ ಸಾಕಂತೆ.