ಬಂದೂಕು ಕಳಚಿದ ಮಸ್ಟ್ಯಾಂಗ್‌ಗೆ ಕೆಂಪು ಹೊಳಪು

ಪ್ಲಾಸ್ಟಿಕ್ ಕಿಟ್‌ನಿಂದ ಜೋಡಿಸುವ ಯುದ್ಧವಿಮಾನದ ಪುಟ್ಟ ಮಾದರಿಗೆ ಮಿಲಿಟರಿಯ ಮಾಸಲು ಹಸಿರು ಬಳಿಯುವಾಗ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಜೋಡಣೆಯ ಗೆರೆ ಉಳಿದಿದ್ದರೆ ಅದರ ಮೇಲೊಂದು ಹೊಗೆಯ ಕಲೆ, ಬಣ್ಣ ತರಿತರಿಯಾಗಿದ್ದರೆ ಅದರ ಮೇಲೊಂದಿಷ್ಟು ಧೂಳಿನ ಛಾಯೆ ಕೊಟ್ಟರಾಯಿತು. ಅದೇ ವಿಮಾನ ಯುದ್ಧ ಮುಗಿಸಿ, ಖಾಸಗಿಯವರ ಕೈಸೇರಿ, ಕೆಂಪು-ಬಿಳಿ ಬಳಿದುಕೊಂಡು ನಿಂತಾಗ ಮೈಯೆಲ್ಲ ಹೊಸ ಕಾರಿನ ಬಾನೆಟ್ಟಿನ ಹಾಗೆ ಹೊಳೆಯುತ್ತದೆ. ಆ ಹೊಳಪಿನಲ್ಲಿ ಕೂದಲೆಳೆಯಷ್ಟು ಗೀರೂ ಅಡಗುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಬಣ್ಣ ಹೊಡೆಯುವುದಕ್ಕೆ ಎರಡು ದಿನ ಸಾಕು. ಅದಕ್ಕೂ ಮೊದಲಿನ ಉಜ್ಜುವ ಕೆಲಸಕ್ಕೆ ಎರಡು ವಾರ ಬೇಕು.

ಮೊದಲು ಫೋಟೊ, ಆಮೇಲೆ ಕಿಟ್

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಯುದ್ಧವಿಮಾನ ಪಿ-51ಡಿ ಮಸ್ಟ್ಯಾಂಗ್, 1:48 ಅಳತೆಯ (ಅಸಲಿಯ 48ರಲ್ಲೊಂದು ಭಾಗದ) ಕಿಟ್. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 11.28 ಮೀಟರ್, ಮಾದರಿಯಲ್ಲಿ ಅದು 23.5 ಸೆಂ.ಮೀ. 1:72ರ ಕಿಟ್ ಅಗ್ಗ ನಿಜ. ಆದರೆ ಅಸಲಿಯಲ್ಲಿ 12 ಇಂಚು ಎತ್ತರವಿರುವ ನೋಂದಣಿ ಅಕ್ಷರ 1:48ರಲ್ಲಿ 6.35 ಮಿ.ಮೀ. ಬಂದರೆ, 1:72ರಲ್ಲಿ 4.2 ಮಿ.ಮೀ.ಗೆ ಇಳಿಯುತ್ತದೆ. ಅಷ್ಟು ಸಣ್ಣ ಅಕ್ಷರವನ್ನು ಚೊಕ್ಕವಾಗಿ ಕತ್ತರಿಸುವುದು ಕಷ್ಟ. ದಾವಣಗೆರೆಯಲ್ಲಿ ಕುಳಿತು ಕಿಟ್ ತರಿಸಲು ಆನ್‌ಲೈನೇ ದಾರಿ. ಉಳಿದ ಸಾಮಾನು ಬಹುಪಾಲು ಊರಲ್ಲೇ ಸಿಗುತ್ತದೆ.

ಯಾವ ವಿಮಾನ ಮಾಡುತ್ತೀರಿ ಎನ್ನುವುದನ್ನು ಫೋಟೊ ನೋಡಿಯೇ ತೀರ್ಮಾನಿಸಿ. ಇಲ್ಲಿ ಎಡವುವವರು ಬಹಳ. ಅಮೆರಿಕದ ಪೈಲಟ್ ಪಾಲ್ ಮ್ಯಾಂಟ್ಜ್ 1946, 1947, 1948ರಲ್ಲಿ ಸತತ ಮೂರು ಸಲ ಬೆಂಡಿಕ್ಸ್ ವಿಮಾನ ರೇಸ್ ಗೆದ್ದಾಗ ಹಾರಿಸಿದ ಮಸ್ಟ್ಯಾಂಗ್ ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ಅದು ಪಿ-51ಸಿ. ಅದರ ಕಾಕ್‌ಪಿಟ್ಟಿನ ಹಿಂದೆ ಬೆನ್ನು ಎತ್ತರಕ್ಕಿದೆ, ಡಿ ಮಾದರಿಯ ನೀರ್ಗುಳ್ಳೆಯಂಥ ಗಾಜು ಅದಕ್ಕಿಲ್ಲ. ಡಿ ಕಿಟ್‌ಗೆ ಆ ಬಣ್ಣ ಬಳಿದರೆ ತಿಳಿದವರು ಬಾಗಿಲಲ್ಲೇ ಗುರುತಿಸುತ್ತಾರೆ. ಅಮೆರಿಕದ ರೀನೊ ವಿಮಾನ ರೇಸಿನಲ್ಲಿ ಹಾರಿದ ಹಲವು ಮಸ್ಟ್ಯಾಂಗ್‌ಗಳ ರೆಕ್ಕೆಯ ತುದಿ ಕತ್ತರಿಸಿ, ಗಾಜನ್ನು ಚಿಕ್ಕದು ಮಾಡಿದ್ದಾರೆ. ಮೊದಲ ಪ್ರಯತ್ನಕ್ಕೆ ಅವು ಬೇಡ. ಆಕಾರ ಬದಲಾಗದ, ಬಣ್ಣ ಮಾತ್ರ ಬದಲಾದ ವಿಮಾನ ಹಿಡಿಯಿರಿ.

ಅಕ್ಷರಗಳಲ್ಲೂ ಕಾಲದ ಗುರುತು ಇರುತ್ತದೆ. ಅಮೆರಿಕದ ನೋಂದಣಿ ‘ಎನ್’ ಅಕ್ಷರದಿಂದ ಶುರುವಾಗುತ್ತದೆ. 1948ರ ಕೊನೆಯವರೆಗೆ ಅದರ ಪಕ್ಕದಲ್ಲಿ ಎಕ್ಸ್, ಎಲ್, ಆರ್ ಥರದ ಇನ್ನೊಂದು ಅಕ್ಷರ ಇರುತ್ತಿತ್ತು, ಆಮೇಲೆ ಬಿಟ್ಟರು. ಆ ಕಾಲದಲ್ಲಿ ಬಲ ರೆಕ್ಕೆಯ ಮೇಲೂ ಎಡ ರೆಕ್ಕೆಯ ಕೆಳಗೂ ದೊಡ್ಡ ಅಕ್ಷರ ಬರೆಯುತ್ತಿದ್ದರು. ಎಡಗಡೆ, ಬಲಗಡೆ, ಮೇಲೆ, ಕೆಳಗೆ ಹೀಗೆ ನಾಲ್ಕು ಕಡೆಯ ಫೋಟೊ, ಎಲ್ಲವೂ ಒಂದೇ ವರ್ಷದ್ದು, ಸಿಗದಿದ್ದರೆ ಆ ವಿಮಾನ ಬಿಟ್ಟು ಬೇರೆ ಹುಡುಕಿ.

ಬೇಕಾಗುವ ಸಾಮಾನು

ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟು ನಯ) 400, 600, 800, 1000, 2000, 3000 ನಂಬರಿನವು ತಲಾ ಒಂದು ಹಾಳೆ. ಮಾದರಿಗೆಂದೇ ಬರುವ ಬೂದು ಪ್ರೈಮರ್ (ಬಣ್ಣದ ಅಡಿಗೆ ಬಳಿಯುವ ಪದರ) 15 ಮಿ.ಲೀ., ಬಿಳಿ ಬಣ್ಣ 15 ಮಿ.ಲೀ., ಹೊಳಪಿನ ಕೆಂಪು 15 ಮಿ.ಲೀ., ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ) 20 ಮಿ.ಲೀ., ಅದೇ ಕಂಪನಿಯ ಥಿನ್ನರ್ 200 ಮಿ.ಲೀ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, 0.3 ಮಿ.ಮೀ. ಮೂತಿಯ ಏರ್‌ಬ್ರಷ್. ಫೆವಿಕ್ವಿಕ್, ಮಕ್ಕಳ ಟಾಲ್ಕಂ ಪೌಡರ್, ಫೆವಿಕಾಲ್, 6 ಮಿ.ಮೀ. ಅಗಲದ ಮಾಡೆಲ್ ಮಾಸ್ಕಿಂಗ್ ಟೇಪ್, ಹೊಸ ಬ್ಲೇಡು. ಕಾರಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್ ಚಿಕ್ಕ ಡಬ್ಬಿ. ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಕಡ್ಡಾಯ. ಬಟ್ಟೆ ಮಾಸ್ಕು ಧೂಳು ತಡೆಯುತ್ತದೆ, ಆವಿ ತಡೆಯುವುದಿಲ್ಲ.

ಕಾರು ಪೇಂಟ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಬಗ್ಗೆ ಎಚ್ಚರ. ಏರ್‌ಬ್ರಷ್ ತೊಳೆಯಲು ಅದು ಚೆನ್ನ, ಬರೀ ಪ್ಲಾಸ್ಟಿಕ್ಕಿಗೆ ತಾಗಿದರೆ ಮೇಲ್ಮೈ ಕರಗಿ, ಬಿರುಕು ಬಿಟ್ಟ ಕೆರೆಯಂಗಳದ ಹಾಗಾಗುತ್ತದೆ. ಹಾಗಾದದ್ದನ್ನು ಸರಿಪಡಿಸಲು ಉಜ್ಜುವುದು ಬಿಟ್ಟರೆ ದಾರಿಯಿಲ್ಲ.

ಬಂದೂಕು ಕಳಚುವುದು

ಪಿ-51ಡಿಗೆ ರೆಕ್ಕೆಗೆ ಮೂರರಂತೆ ಆರು ಮೆಷಿನ್ ಗನ್. ಖಾಸಗಿಯವರ ಕೈಗೆ ಬಂದ ವಿಮಾನದಲ್ಲಿ ಅವನ್ನು ತೆಗೆದು ತೂತು ಮುಚ್ಚಿರುತ್ತಾರೆ. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಒಂದು ತುಂಡನ್ನು ಮೇಣದಬತ್ತಿಯಿಂದ ಎರಡು ಬೆರಳು ಮೇಲೆ ಹಿಡಿದು ತಿರುಗಿಸುತ್ತಿರಿ. ಮೆತ್ತಗಾಗಿ ಜೋತುಬಿದ್ದಾಗ ಉರಿಯಿಂದ ಆಚೆ ತಂದು ಎರಡೂ ಕಡೆ ಎಳೆದರೆ ಕಡ್ಡಿಯಾಗುತ್ತದೆ. ಥಿನ್ನರ್ ಡಬ್ಬಿ ಆಗ ಆ ಕೋಣೆಯಲ್ಲೇ ಇರಬಾರದು. ಕಡ್ಡಿಯನ್ನು ತೂತಿಗೆ ತುರುಕಿ, ಪ್ಲಾಸ್ಟಿಕ್ ಅಂಟು ಹನಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕತ್ತರಿಸಿ, ರೆಕ್ಕೆಯ ಮುಂದಿನ ಅಂಚಿನ ದುಂಡಿಗೆ ಸರಿಯಾಗಿ ಉಜ್ಜಿ. ಪುಟ್ಟಿಗಿಂತ ಇದು ಮೇಲು, ಏಕೆಂದರೆ ಪುಟ್ಟಿ ಒಣಗುತ್ತಾ ಕುಗ್ಗುತ್ತದೆ. ಬಣ್ಣ ಹೊಡೆದ ವಾರಕ್ಕೆ ಆರೂ ಕಡೆ ಸಣ್ಣ ಗುಳಿ ಕಾಣಿಸುತ್ತದೆ.

ರೆಕ್ಕೆಯ ಕೆಳಗೆ ಖಾಲಿ ತೋಟಾ ಹೊರಬೀಳುವ ಸೀಳುಗಳಿವೆ, ಅವನ್ನೂ ತುಂಬಬೇಕು. ಬಾಂಬ್ ಮತ್ತು ಹೆಚ್ಚುವರಿ ಟ್ಯಾಂಕ್ ನೇತುಹಾಕುವ ತುಣುಕುಗಳನ್ನು ಅಂಟಿಸಬೇಡಿ, ಅವುಗಳ ತೂತು ಮುಚ್ಚಿ. ಕಾಕ್‌ಪಿಟ್ಟಿನಲ್ಲಿ ಗುರಿ ಹಿಡಿಯುವ ಸಾಧನ ಬೇಡ. ಸೀಟಿನ ಹಿಂದಿನ ಪೆಟ್ಟಿಗೆ 85 ಗ್ಯಾಲನ್ನಿನ, ಅಂದರೆ ಸುಮಾರು 322 ಲೀಟರಿನ ಇಂಧನ ಟ್ಯಾಂಕ್. ಹಲವು ಖಾಸಗಿ ಮಸ್ಟ್ಯಾಂಗ್‌ಗಳಲ್ಲಿ ಅದನ್ನು ಕಿತ್ತು ಎರಡನೇ ಸೀಟು ಹಾಕಿದ್ದಾರೆ. ಫೋಟೊದಲ್ಲಿ ಹಿಂದೊಂದು ತಲೆ ಕಂಡರೆ 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಸರಳವಾದೊಂದು ಸೀಟು ಮಾಡಿ, ಮಾಸ್ಕಿಂಗ್ ಟೇಪಿನ 1 ಮಿ.ಮೀ. ಪಟ್ಟಿಗಳಿಂದ ಬೆಲ್ಟ್ ಹಾಕಿ.

ಇನ್ನು ರೆಕ್ಕೆಯ ಗೆರೆಗಳು. ಕಿಟ್ ಕಂಪನಿಗಳು ತಗಡಿನ ಜೋಡಣೆಯನ್ನೆಲ್ಲ ಕೊರೆದು ಕೊಟ್ಟಿರುತ್ತವೆ. ಆದರೆ ಅಸಲಿ ಮಸ್ಟ್ಯಾಂಗ್‌ನ ರೆಕ್ಕೆಯ ಮುಂದಿನ ಸುಮಾರು 40 ಶೇಕಡಾ ಭಾಗದಲ್ಲಿ ಕಾರ್ಖಾನೆಯವರೇ ಪುಟ್ಟಿ ಮೆತ್ತಿ, ರಿವೆಟ್ಟೂ ಗೆರೆಯೂ ಕಾಣದಂತೆ ಉಜ್ಜಿ ಬಣ್ಣ ಹೊಡೆಯುತ್ತಿದ್ದರು. ಗಾಳಿ ತಡೆಯಿಲ್ಲದೆ ಜಾರಲಿ ಎನ್ನುವುದು ಅದರ ಉದ್ದೇಶ. ಮಾದರಿಯಲ್ಲೂ ಅಲ್ಲಿನ ಗೆರೆ ಮುಚ್ಚಿದರೆ ಎರಡು ಲಾಭ: ಅದು ಅಸಲಿಗೆ ನಿಷ್ಠ, ಜೊತೆಗೆ ಕೆಂಪು ಹೊಳಪು ಒಂದೇ ಹಾಳೆಯಂತೆ ಹರಡಿಕೊಳ್ಳುತ್ತದೆ. ರೆಕ್ಕೆಯ ಹಿಂದಿನ ಚಲಿಸುವ ಪಟ್ಟಿಗಳ ಗೆರೆ, ಎಂಜಿನ್ ಮುಚ್ಚಳದ ಗೆರೆ ಹಾಗೇ ಇರಲಿ.

ಮುಚ್ಚುವುದಕ್ಕೆ ಫೆವಿಕ್ವಿಕ್ ಎರಡು ಹನಿಗೆ ಅಷ್ಟೇ ಪೌಡರ್ ಕಲಸಿ, ಹಲ್ಲುಕಡ್ಡಿಯಿಂದ ಗೆರೆಯುದ್ದಕ್ಕೂ ಎಳೆಯಿರಿ. ಒಂದು ಗಂಟೆಯೊಳಗೆ 400ರಲ್ಲಿ ಉಜ್ಜಿಬಿಡಿ. ನಾಳೆ ನೋಡೋಣ ಎಂದು ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಪಕ್ಕದ ಪ್ಲಾಸ್ಟಿಕ್ ಸವೆದು ಅಂಟು ದಿಣ್ಣೆಯಂತೆ ಉಳಿಯುತ್ತದೆ.

ಟ್ಯೂಬ್‌ಲೈಟಿನ ಪರೀಕ್ಷೆ

400ರ ಗೀರನ್ನು 600 ತೆಗೆಯಬೇಕು, 600ರದ್ದನ್ನು 800, ಆಮೇಲೆ 1000. ಒಂದು ಮೆಟ್ಟಿಲು ಹಾರಿದರೂ ಆ ಗೀರು ಕೆಂಪಿನ ಕೆಳಗಿಂದ ಎದ್ದು ಬರುತ್ತದೆ. ಪ್ರತಿ ಸಲ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಿಂದಿನ ಸಲಕ್ಕೆ ಅಡ್ಡ ದಿಕ್ಕಿನಲ್ಲಿ ಉಜ್ಜಿ. ಹಳೆಯ ಗೀರು ಉಳಿದಿದ್ದರೆ ಆಗ ಕಣ್ಣಿಗೆ ಬೀಳುತ್ತದೆ.

ಚೆನ್ನಾಗಿ ತೊಳೆದು, ಒಣಗಿಸಿ, ಬೂದು ಪ್ರೈಮರ್ ತೆಳುವಾಗಿ ಎರಡು ಸಲ ಹೊಡೆಯಿರಿ. ಮರುದಿನ ಮಾದರಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನ ತಿರುಗಿಸಿ. ಬೆಳಕಿನ ಪಟ್ಟಿ ಒಡಲಿನ ಬೆನ್ನ ಮೇಲೆ ಜಾರುತ್ತಾ ಹೋಗುವಾಗ ಎಲ್ಲಿ ಮುರಿಯುತ್ತದೋ, ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ತಗ್ಗಿದೆ ಅಥವಾ ದಿಣ್ಣೆಯಿದೆ. ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಮತ್ತೆ ತುಂಬಿ, ಮತ್ತೆ ಉಜ್ಜಿ, ಅಲ್ಲಿಗಷ್ಟೇ ಪ್ರೈಮರ್ ಹೊಡೆಯಿರಿ. ಮೂರು ಸುತ್ತು ಆಗುವುದು ಸಹಜ, ಬೇಸರ ಬೇಡ. ಬೆಳಕು ಮೂಗಿನಿಂದ ಬಾಲದವರೆಗೆ ಎಲ್ಲೂ ತಡೆಯದೆ ಹರಿದ ದಿನ ಬಣ್ಣದ ಡಬ್ಬಿ ತೆರೆಯಬಹುದು.

ನಮ್ಮ ಹವೆ, ನಮ್ಮ ಧೂಳು

ಕಿಟ್ ಜೊತೆ ಬರುವ ಸೂಚನೆಗಳಲ್ಲಿ ದಾವಣಗೆರೆಯ ಏಪ್ರಿಲ್ ತಿಂಗಳ ಮಾತಿಲ್ಲ. ಆ ಸೆಕೆಯಲ್ಲಿ ಮಧ್ಯಾಹ್ನ ಸ್ಪ್ರೇ ಮಾಡಿದರೆ ಬಣ್ಣದ ಹನಿ ಗಾಳಿಯಲ್ಲೇ ಅರ್ಧ ಒಣಗಿ, ರವೆ ಎರಚಿದಂತೆ ಕೂರುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಸಿ. ಥಿನ್ನರಿಗೆ ನೂರಕ್ಕೆ ಐದರಿಂದ ಹತ್ತು ಭಾಗ, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ದ್ರವ ಸೇರಿಸಿದರೆ ಬಣ್ಣ ಹರಡಿಕೊಳ್ಳಲು ಸಮಯ ಸಿಗುತ್ತದೆ. ಮಳೆಗಾಲದ ತೊಂದರೆ ಇದಕ್ಕೆ ತದ್ವಿರುದ್ಧ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಲ್ಯಾಕರ್ ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಜಿಟಿಜಿಟಿ ಮಳೆಯ ದಿನ ಕೆಲಸ ಮುಂದೂಡಿ.

ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ ಮನೆಯಿದ್ದರೆ ಭಟ್ಟಿ ಹೊತ್ತಿಸುವ ಹೊತ್ತು ಬಿಟ್ಟು ಕೆಲಸ ಮಾಡಿ. ಒದ್ದೆ ಬಿಳಿ ಬಣ್ಣದ ಮೇಲೆ ಬಿದ್ದ ಮಸಿ ಒರೆಸಿದರೆ ಗೆರೆಯಾಗುತ್ತದೆ. ಚಿತ್ರದುರ್ಗದಲ್ಲಿ ಗುಡ್ಡದ ಗಾಳಿಯಂತ್ರಗಳು ಭರದಿಂದ ತಿರುಗುವ ಆಷಾಢದಲ್ಲಿ ಕಿಟಕಿ ತೆರೆದು ಸ್ಪ್ರೇ ಮಾಡುವಂತಿಲ್ಲ. ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಹತ್ತು ನಿಮಿಷ ಬಿಟ್ಟು ಶುರು ಮಾಡಿ. ಹೊಡೆದ ಕೂಡಲೇ ಮಾದರಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ. ಆವಿ ಹೊರಹೋಗಲು ಅಡಿಯಲ್ಲಿ ಎರಡು ಪೆನ್ಸಿಲ್ ಇಡಿ.

ಬಿಳಿ ಮೊದಲು, ಕೆಂಪು ಆಮೇಲೆ

ಕೆಂಪಿನ ಮೇಲೆ ಬಿಳಿ ಹೊಡೆದರೆ ಕೆಂಪು ಸೋರಿ ಗುಲಾಬಿ ಛಾಯೆ ಬರುತ್ತದೆ. ಬೂದಿನ ಮೇಲೆ ನೇರ ಕೆಂಪು ಹೊಡೆದರೆ ಇಟ್ಟಿಗೆಯಂತೆ ಮಂಕಾಗುತ್ತದೆ. ಹಾಗಾಗಿ ಇಡೀ ಮಾದರಿಗೆ ಮೊದಲು ಬಿಳಿ. ಬಣ್ಣ ಒಂದು ಭಾಗಕ್ಕೆ ಥಿನ್ನರ್ ಒಂದೂವರೆ ಭಾಗ, ಒತ್ತಡ 15ರಿಂದ 18 ಪಿಎಸ್‌ಐ, ದೂರ 8ರಿಂದ 10 ಸೆಂ.ಮೀ. ಮಂಜಿನಂತೆ ಮೂರು ತೆಳು ಪದರ, ನಡುವೆ ಹತ್ತು ನಿಮಿಷ. ಎರಡು ದಿನ ಒಣಗಲಿ.

ಅಕ್ಷರಗಳಿಗೆ ನಮ್ಮೂರಲ್ಲೇ ಒಳ್ಳೆಯ ಉಪಾಯವಿದೆ. ಬೈಕಿನ ನಂಬರ್ ಪ್ಲೇಟ್ ಮಾಡುವ ರೇಡಿಯಂ ಸ್ಟಿಕ್ಕರ್ ಅಂಗಡಿಗೆ ಅಕ್ಷರದ ಫೈಲನ್ನು ಸರಿಯಾದ ಮಿಲಿಮೀಟರ್ ಅಳತೆಯಲ್ಲಿ ಕೊಟ್ಟು, ಅವರ ಬಳಿ ಇರುವ ಅತಿ ತೆಳು ವಿನೈಲ್‌ನಲ್ಲಿ ಕತ್ತರಿಸಿಕೊಡಲು ಹೇಳಿ. ಎರಡು ಸೆಟ್ ಹೆಚ್ಚು ಮಾಡಿಸಿ. ಆ ಅಕ್ಷರವನ್ನೇ ಬಿಳಿಯ ಮೇಲೆ ಅಂಟಿಸಿ, ಮೇಲೆ ಕೆಂಪು ಹೊಡೆದು, ಆಮೇಲೆ ಕಿತ್ತರೆ ಬಿಳಿ ಅಕ್ಷರ ಉಳಿಯುತ್ತದೆ. ಮನೆಯ ಪ್ರಿಂಟರ್ ಬಿಳಿ ಶಾಯಿ ಮುದ್ರಿಸುವುದಿಲ್ಲವಾದ್ದರಿಂದ ಡೀಕಾಲ್‌ಗಿಂತ (ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಪದರ) ಇದೇ ಸಲೀಸು. ವಿನೈಲ್‌ನ ಅಂಟು ಜೋರು. ನೇರ ಅಂಟಿಸಿದರೆ ಬಿಳಿ ಬಣ್ಣವೂ ಕಿತ್ತು ಬರುತ್ತದೆ. ಮೊದಲು ಪ್ರತಿ ಅಕ್ಷರವನ್ನು ಅಂಗೈಗೆ ನಾಲ್ಕೈದು ಸಲ ಒತ್ತಿ ತೆಗೆದು ಅಂಟು ತಗ್ಗಿಸಿ.

ಒಡಲಿನುದ್ದದ ಬಿಳಿ ಪಟ್ಟಿಗೆ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಉಕ್ಕಿನ ಸ್ಕೇಲ್ ಇಟ್ಟು 3 ಮಿ.ಮೀ. ಅಗಲಕ್ಕೆ ಕತ್ತರಿಸಿ. ಅಂಚನ್ನು ಉಗುರಿನಿಂದ ಒತ್ತಿ. ಈಗ ಕೆಂಪಿಗೆ ಕೈಹಾಕುವ ಮೊದಲು ಎಲ್ಲ ಅಂಚುಗಳ ಮೇಲೆ ಮತ್ತೊಮ್ಮೆ ತೆಳುವಾಗಿ ಬಿಳಿ ಹೊಡೆಯಿರಿ. ಟೇಪಿನಡಿ ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದು ಮುಚ್ಚುತ್ತದೆ, ಕೆಂಪಿಗೆ ದಾರಿ ಇರುವುದಿಲ್ಲ. ಇದೊಂದು ಹೆಜ್ಜೆ ಬಿಟ್ಟವರ ಗೆರೆ ಹಲ್ಲುಹಲ್ಲಾಗುತ್ತದೆ.

ಕೆಂಪು ಮೂರು ತೆಳು ಪದರ, ಕೊನೆಯದು ಸ್ವಲ್ಪ ಹತ್ತಿರದಿಂದ ಒದ್ದೆಯಾಗಿ. ಹದ ತಪ್ಪಿದರೆ ಎರಡು ಬಗೆ: ದೂರವಾದರೆ ಕಿತ್ತಳೆ ಸಿಪ್ಪೆಯಂಥ ಮೈ, ಹತ್ತಿರವಾದರೆ ಸೋರಿದ ಹನಿ. ಹನಿಯನ್ನು ಒರೆಸಲು ಹೋಗಬೇಡಿ; ಒಣಗಿದ ಮೇಲೆ 1000ರಲ್ಲಿ ಸಮ ಮಾಡಿ. ಅರ್ಧ ಗಂಟೆಗೆ, ಬಣ್ಣ ಇನ್ನೂ ಮೆದುವಿರುವಾಗಲೇ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿಕೊಂಡು ಎಳೆಯಿರಿ. ಅಕ್ಷರದ ಒಂದು ಮೂಲೆಯನ್ನು ಸೂಜಿಮೊನೆಯಿಂದ ಎಬ್ಬಿಸಿ, ಚಿಮಟದಿಂದ ಮೆಲ್ಲಗೆ ಮೇಲೆತ್ತಿ. ಕೆಂಪಿನ ನಡುವೆ ಹಾಲುಬಿಳಿ ‘ಎನ್’ ಚೂಪು ಮೂಲೆಗಳೊಡನೆ ಮೂಡುವ ಆ ಕ್ಷಣಕ್ಕಾಗಿ ಇಷ್ಟೆಲ್ಲ ಪಾಡು ಪಡಬಹುದು.

ಕ್ಲಿಯರ್, ಪಾಲಿಶ್

ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಬಂದರೆ ಅದು ಇನ್ನೂ ಒಣಗಿಲ್ಲ. ವಾಸನೆ ಹೋದ ಮೇಲೆ ಕ್ಲಿಯರ್ ಮೂರು ಪದರ ಕೊಟ್ಟು ಒಂದು ವಾರ ಮುಟ್ಟದೆ ಬಿಡಿ. ಬಳಿಕ 2000, 3000ರ ಪೇಪರನ್ನು ನೀರಿನಲ್ಲಿ ನೆನೆಸಿ, ಬಿಳಿ-ಕೆಂಪು ಕೂಡುವಲ್ಲಿನ ಏಣು ಕೈಗೆ ಸಿಗದಂತೆ ಹಗುರವಾಗಿ ಉಜ್ಜಿ. ರೆಕ್ಕೆಯ ಅಂಚು, ಬಾಲದ ತುದಿಗಳನ್ನು ಮುಟ್ಟಲೇಬೇಡಿ. ಅಲ್ಲಿ ಬಣ್ಣ ತೆಳುವಾಗಿದ್ದು ನಾಲ್ಕೇ ಉಜ್ಜಿಗೆ ಪ್ರೈಮರ್ ಕಾಣುತ್ತದೆ. ಹಳೆಯ ಬನಿಯನ್ ತುಂಡಿಗೆ ಬಟಾಣಿ ಗಾತ್ರದ ಕಾಂಪೌಂಡ್ ಹಚ್ಚಿ ಚಿಕ್ಕ ಸುತ್ತುಗಳಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ. ಒಂದೇ ಕಡೆ ಹೊತ್ತು ತಿಕ್ಕಿದರೆ ಬಿಸಿಗೆ ಬಣ್ಣ ಮೆತ್ತಗಾಗುತ್ತದೆ, ಆಗಾಗ ಜಾಗ ಬದಲಿಸಿ. ಉಳಿದ ಗೆರೆಗಳಿಗೆ ಕಪ್ಪು ತುಂಬಬೇಡಿ, ಕಡುಕೆಂಪು ಸಾಕು. ಮಾಲೀಕ ದಿನಾ ಒರೆಸಿಡುವ ವಿಮಾನ ಇದು. ಆರಾರು ಹೊಗೆಕೊಳವೆಗಳ ಹಿಂದೆ ಬೆರಳಗಲದ ತೆಳು ಕಂದು ಛಾಯೆಗಿಂತ ಹೆಚ್ಚು ಕೊಳೆ ಅಸಹಜ.

ಕಾಕ್‌ಪಿಟ್ಟಿನ ಗಾಜನ್ನು ಫೆವಿಕಾಲ್‌ನಿಂದಲೇ ಅಂಟಿಸಿ. ಫೆವಿಕ್ವಿಕ್ಕಿನ ಆವಿ ಗಾಜಿನ ಒಳಮೈಗೆ ಬೂದಿ ಬಳಿದಂತೆ ಕೂತು, ಒರೆಸಲೂ ಬಾರದಂತಾಗುತ್ತದೆ. ಹೆಚ್ಚಾಗಿ ಹೊರಬಂದ ಫೆವಿಕಾಲನ್ನು ಒದ್ದೆ ಹತ್ತಿಯಿಂದ ತೆಗೆಯಬಹುದು. ಪ್ರೊಪೆಲ್ಲರಿನ ನಾಲ್ಕು ಅಲಗು ಕಪ್ಪೋ, ಪಾಲಿಶ್ ಮಾಡಿದ ಲೋಹವೋ ಎನ್ನುವುದಕ್ಕೆ ಫೋಟೊವೇ ಪ್ರಮಾಣ. ಕಪ್ಪಾಗಿದ್ದು ತುದಿ ಹಳದಿಯಿದ್ದರೆ ಅದರ ಅಗಲ 2 ಮಿ.ಮೀ. ಚಕ್ರದ ಟೈರಿಗೆ ಅಪ್ಪಟ ಕಪ್ಪಿನ ಬದಲು ಕಡುಬೂದು ಬಳಿಯಿರಿ.

ಕೆಂಪು ಬಿಸಿಲಿಗೆ ಬೇಗ ಮಾಸುವ ಬಣ್ಣ. ಪಡುವಣ ಕಿಟಕಿಯ ಎದುರು ಇಡದೆ ಗಾಜಿನ ಪೆಟ್ಟಿಗೆಯಲ್ಲಿಡಿ. ಧೂಳು ಕೂತರೆ ಬಟ್ಟೆಯಿಂದ ಒರೆಸದೆ ಮೇಕಪ್ಪಿನ ಮೆದು ಬ್ರಷ್‌ನಿಂದ ಮೂಗಿನಿಂದ ಬಾಲದ ಕಡೆಗೆ ತೆಗೆಯಿರಿ.